ಮಂದಿ ಇದ್ದಲ್ಲಿ ಮಂದಿ

ತಿಕೋಟಾದ ಹೊರಗೆ, ಒಣದ್ರಾಕ್ಷಿ ಶೆಡ್ಡುಗಳು ಸಾಲಾಗಿ ನಿಂತಿರುವ ಕಡೆ, ಬೀಳುಬಿದ್ದ ಹೊಲವೊಂದರಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರು. ಮಾರ್ಚ್ ತಿಂಗಳ ಇಳಿಹೊತ್ತು. ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು, ಗಾಳಿಯಲ್ಲೆಲ್ಲ ಅದರದೇ ವಾಸನೆ. ಏಳೆಂಟು ಹುಡುಗರ ಪೈಕಿ ಮೂವರ ಬೆನ್ನ ಮೇಲೆ 7, ಇಬ್ಬರ ಬೆನ್ನ ಮೇಲೆ 10. ಆಟ ನಿಂತಾಗ 7ರ ಹುಡುಗನೊಬ್ಬನನ್ನು ಕರೆದು ಕೇಳಿದೆ.

"ಇದು ಯಾರ ಅಂಗಿಪಾ?"

"ರೊನಾಲ್ಡೊಂದ್ರಿ ಸರ್."

"ಮತ್ತ ಸುನಿಲ್ ಛೇತ್ರಿ ಗೊತ್ತೇನು?"

ಅವನು ಗೆಳೆಯನ ಮುಖ ನೋಡಿದ. ಗೆಳೆಯ ಸ್ವಲ್ಪ ಯೋಚಿಸಿ, "ಅಂವ ನಮ್ಮ ಇಂಡಿಯಾದಾಂವ ಅಲ್ರಿ? ಹೆಸರು ಕೇಳೀನ್ರಿ, ಆಟ ನೋಡಿಲ್ರಿ" ಅಂದ.

ಹುಡುಗನದು ಪ್ರಾಮಾಣಿಕ ಉತ್ತರ. ಛೇತ್ರಿ 2013ರಲ್ಲಿ ಸೇರಿದ್ದು ನಮ್ಮದೇ ರಾಜ್ಯದ ಬೆಂಗಳೂರು ಎಫ್‌ಸಿ ಕ್ಲಬ್ಬಿಗೆ. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಆಡಿ ಅವರು ದೇಶದ ತಂಡಕ್ಕೆ ವಿದಾಯ ಹೇಳಿದರು. ಆ ಹೊತ್ತಿಗೆ ದೇಶದ ಪರ ಅತಿ ಹೆಚ್ಚು ಗೋಲು ಹೊಡೆದ ಪುರುಷ ಆಟಗಾರರ ಜಾಗತಿಕ ಪಟ್ಟಿಯಲ್ಲಿ ಅವರಿಗಿಂತ ಮೇಲೆ ಇದ್ದವರು ಮೂವರೇ: ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ, ಇರಾನ್‌ನ ಅಲಿ ದಾಯಿ, ಅರ್ಜೆಂಟೀನಾದ ಲಿಯೊನೆಲ್ ಮೆಸ್ಸಿ. ರೊನಾಲ್ಡೊ 128, ಮೆಸ್ಸಿ 106, ಛೇತ್ರಿ 94. ಗೋಲಿನ ಲೆಕ್ಕದಲ್ಲಿ ರೊನಾಲ್ಡೊ ಛೇತ್ರಿಗಿಂತ ಒಂದೂಕಾಲು ಪಟ್ಟು ಚಿಲ್ಲರೆ ಮುಂದೆ.

ಈಗ ಫೋನ್ ತೆರೆದು ಇನ್‌ಸ್ಟಾಗ್ರಾಂ ನೋಡಿ. ರೊನಾಲ್ಡೊ ಅವರನ್ನು ಹಿಂಬಾಲಿಸುವವರ ಸಂಖ್ಯೆ 2023ರಲ್ಲೇ 60 ಕೋಟಿ ದಾಟಿತ್ತು. ಛೇತ್ರಿಯವರದು ಅದರ ನೂರರಲ್ಲೊಂದು ಪಾಲಿಗೂ ಕಡಿಮೆ. ಒಂದೂಕಾಲು ಚಿಲ್ಲರೆ ಎಲ್ಲಿ, ನೂರು ಎಲ್ಲಿ? ನಡುವಿನ ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು?

ಎತ್ತರದ ಲೆಕ್ಕ, ಆಸ್ತಿಯ ಲೆಕ್ಕ

ಸುಲಭದ ಉತ್ತರಗಳನ್ನು ಮೊದಲು ಮುಗಿಸಿಬಿಡೋಣ. ಎಲ್ಲ ಗೋಲೂ ಒಂದೇ ತೂಕದ್ದಲ್ಲ. ಛೇತ್ರಿಯ ಗೋಲುಗಳು ಬಹುಪಾಲು ಏಷ್ಯಾದ ತಂಡಗಳ ಎದುರು ಬಂದವು. ಭಾರತ ವಿಶ್ವಕಪ್ಪಿನಲ್ಲಿ ಒಮ್ಮೆಯೂ ಆಡಿಲ್ಲ. ರೊನಾಲ್ಡೊ 2022ರವರೆಗೆ ಐದು ವಿಶ್ವಕಪ್ ಆಡಿ ಐದರಲ್ಲೂ ಗೋಲು ಹೊಡೆದವರು. ಆಟದ ಗುಣದಲ್ಲಿ ವ್ಯತ್ಯಾಸ ಇದೆ, ಇಲ್ಲ ಅನ್ನುವವರು ಅಭಿಮಾನಕ್ಕೆ ಅನ್ನಬೇಕು ಅಷ್ಟೇ. ಒಂದು ತಮಾಷೆಯ ಸಂಗತಿಯೂ ಉಂಟು. ಇಬ್ಬರೂ ಒಂದೇ ಕ್ಲಬ್ಬಿನ ಅಂಗಿ ತೊಟ್ಟವರು. ಲಿಸ್ಬನ್ ನಗರದ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ ಬೆಳೆದ ರೊನಾಲ್ಡೊ 2003ರಲ್ಲಿ ಅಲ್ಲಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. 2012ರಲ್ಲಿ ಛೇತ್ರಿ ಅದೇ ಕ್ಲಬ್ಬಿನ ಎರಡನೇ ತಂಡಕ್ಕೆ ಸೇರಿ, ಬೆರಳೆಣಿಕೆಯ ಪಂದ್ಯ ಆಡಿ, ಊರಿಗೆ ಮರಳಿದರು.

ಆದರೂ ಆಟದ ಗುಣ ಎರಡು ಪಟ್ಟು, ಮೂರು ಪಟ್ಟು ಅನ್ನಿ. ಬೇಕಾದರೆ ಐದು ಪಟ್ಟು ಅನ್ನಿ. ನೂರು ಪಟ್ಟು ಅನ್ನಲು ನಾಲಿಗೆ ಹೊರಳುವುದಿಲ್ಲ.

ಲೋಕದಲ್ಲಿ ಎರಡು ಬಗೆಯ ಲೆಕ್ಕಗಳಿವೆ. ವಿಜಯಪುರದ ಬಸ್ ನಿಲ್ದಾಣದಲ್ಲಿ ನಿಂತು ಸಾವಿರ ಮಂದಿಯ ಎತ್ತರ ಅಳೆದರೆ ಹೆಚ್ಚಿನವರು ಐದು, ಐದೂವರೆ ಅಡಿಯ ಆಸುಪಾಸಿನಲ್ಲಿರುತ್ತಾರೆ. ಆರು ಅಡಿಯವರು ಕೆಲವರು, ಆರೂವರೆಯವನು ಒಬ್ಬ ಸಿಕ್ಕರೆ ಎಲ್ಲರೂ ತಿರುಗಿ ನೋಡುತ್ತಾರೆ. ನೂರು ಅಡಿಯವನು ಯಾವತ್ತೂ ಬರುವುದಿಲ್ಲ. ಅದೇ ಸಾವಿರ ಮಂದಿಯ ಆಸ್ತಿ ಕೇಳಿ ನೋಡಿ. ಅರ್ಧ ಎಕರೆಯವನ ಪಕ್ಕದಲ್ಲೇ ನೂರು ಎಕರೆಯವನು ಕೂತಿರಬಹುದು, ಯಾರೂ ಅಚ್ಚರಿಪಡುವುದಿಲ್ಲ. ಎತ್ತರ ನಡುವಿನಲ್ಲಿ ಗುಂಪುಗೂಡುತ್ತದೆ. ಆಸ್ತಿ ತುದಿಯಲ್ಲಿ ಗುಡ್ಡೆಯಾಗುತ್ತದೆ. ವಿಜ್ಞಾನಿಗಳು 'ಪವರ್ ಲಾ' ಎಂದು ಕರೆಯುವ ಈ ಎರಡನೆಯ ಬಗೆಯನ್ನು ನಾವಿಲ್ಲಿ 'ತುದಿಭಾರದ ಹಂಚಿಕೆ' ಅನ್ನೋಣ.

ಹಿಂಬಾಲಕರ ಸಂಖ್ಯೆ ತುದಿಭಾರದ ಜಾತಿಗೆ ಸೇರಿದ್ದು. ಅದನ್ನು ಎತ್ತರವಾಗಿ ಬದಲಿಸಿ ನೋಡಿದರೆ ಎಷ್ಟು ವಿಪರೀತ ಅನ್ನುವುದು ಕಣ್ಣಿಗೆ ಕಾಣುತ್ತದೆ. ಛೇತ್ರಿ ಐದೂವರೆ ಅಡಿ ಎಂದಿಟ್ಟುಕೊಂಡರೆ ರೊನಾಲ್ಡೊ ಐನೂರೈವತ್ತು ಅಡಿಗೂ ಎತ್ತರ. ಗೋಲಗುಮ್ಮಟದ ಮೇಲೆ ಇನ್ನೊಂದು ಗೋಲಗುಮ್ಮಟ ಇಟ್ಟರೂ ಅವರ ತಲೆ ಮುಟ್ಟುವುದಿಲ್ಲ. ಮನುಷ್ಯರ ಕೌಶಲ ಮಾತ್ರ ಎತ್ತರದ ಹಾಗೆ ನಡುವಿನಲ್ಲೇ ಗುಂಪಾಗಿರುತ್ತದೆ. ಒಂದು ಬಗೆಯ ಲೆಕ್ಕ ಒಳಗೆ ಹೋಗಿ, ಮತ್ತೊಂದು ಬಗೆಯ ಲೆಕ್ಕವಾಗಿ ಹೊರಗೆ ಬರುತ್ತಿದೆ. ನಡುವೆ ಎಲ್ಲೋ ಒಂದು ಗಿರಣಿ ಇರಬೇಕು.

ತಾಸಗಾಂವದ ದಾರಿ

ಆ ಗಿರಣಿಯನ್ನು ತಿಕೋಟಾದ ರೈತರು ಫುಟ್‌ಬಾಲಿಗಿಂತ ಚೆನ್ನಾಗಿ ಬಲ್ಲರು.

ಹಣ್ಣು ಬೆಳೆಯುವುದು ಇಲ್ಲಿ. ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಹರವಿ, ಎರಡು ವಾರ ಕಾದು ಒಣದ್ರಾಕ್ಷಿ ಮಾಡುವುದೂ ಇಲ್ಲಿ. ಆದರೆ ಎಷ್ಟೋ ವರ್ಷ ಡಬ್ಬಿಗಳು ಗಾಡಿ ಏರಿ ಹೊರಟದ್ದು ಗಡಿಯಾಚೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ತಾಸಗಾಂವ ಪೇಟೆಗೆ. ಯಾಕ್ರಿ ಅಷ್ಟು ದೂರ ಅಂದರೆ ರೈತರ ಉತ್ತರ: ಖರೀದಿದಾರರು ಅಲ್ಲಿದ್ದಾರೆ. ಖರೀದಿದಾರರನ್ನು ಕೇಳಿದರೆ: ಮಾಲು ಅಲ್ಲಿಗೆ ಬರುತ್ತದೆ.

ಎರಡು ಉತ್ತರವೂ ನಿಜ. ಎರಡೂ ಒಂದರ ಹೆಗಲ ಮೇಲೆ ಇನ್ನೊಂದು ಕೂತಿವೆ. ತಾಸಗಾಂವದ ಮಣ್ಣಿಗೆ ಒಣದ್ರಾಕ್ಷಿ ಮಾರುವ ವಿಶೇಷ ಗುಣವೇನೂ ಇಲ್ಲ. ಆ ಭಾಗದಲ್ಲಿ ದ್ರಾಕ್ಷಿ ಬೇಸಾಯ ಮೊದಲು ಕುದುರಿತು, ನಾಲ್ಕು ಮಂದಿ ವ್ಯಾಪಾರಿಗಳು ಸೇರಿದರು, ಆ ನಾಲ್ವರಿಗಾಗಿ ನಲವತ್ತು ರೈತರು ಬಂದರು, ಆ ನಲವತ್ತಕ್ಕಾಗಿ ಮತ್ತಷ್ಟು ವ್ಯಾಪಾರಿಗಳು. ವಿಜಯಪುರದಲ್ಲೇ ಹರಾಜು ನಡೆಸುವ ಪ್ರಯತ್ನಗಳು ಬಂದಾಗಲೂ ಎದುರಾದ ತೊಡಕು ಇದೇ: ಮೊದಲು ಯಾರು ಬರಬೇಕು?

ಜನ ಮರುಳೋ ಜಾತ್ರೆ ಮರುಳೋ ಅನ್ನುವ ಗಾದೆಯನ್ನು ನಾವು ಮೂದಲಿಕೆಗೆ ಬಳಸುತ್ತೇವೆ. ಆದರೆ ಅದು ಗಣಿತದ ಪ್ರಶ್ನೆಯೂ ಹೌದು. ಜನ ಬಂದದ್ದರಿಂದ ಜಾತ್ರೆಯೋ, ಜಾತ್ರೆ ಇದ್ದದ್ದರಿಂದ ಜನವೋ? ಉತ್ತರ ಎರಡೂ. ಒಂದು ಸುತ್ತು ಇನ್ನೊಂದು ಸುತ್ತನ್ನು ನೂಕುತ್ತದೆ. ಈ ಸುತ್ತಿಗೆ 'ಮಂದಿಗೆ ಮಂದಿ' ಎಂದು ಹೆಸರಿಡುತ್ತೇನೆ. ಎಷ್ಟು ಮಂದಿ ಈಗಾಗಲೇ ಇದ್ದಾರೋ, ಹೊಸಬರು ಅಲ್ಲಿಗೇ ಬರುವ ಸಂಭವ ಅಷ್ಟರ ಮಟ್ಟಿಗೆ ಹೆಚ್ಚು. ಮುಂದೆ ಹೇಳುವುದೆಲ್ಲ ಈ ಒಂದು ಸಾಲಿನ ವಿಸ್ತಾರ.

ಬಟ್ಟಲಿನಲ್ಲಿ ಎರಡು ಕಾಳು

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೊಂಬಣ್ಣದ ಒಣದ್ರಾಕ್ಷಿ ಒಂದು ಹಿಡಿ, ಕಪ್ಪು ಒಣದ್ರಾಕ್ಷಿ ಒಂದು ಹಿಡಿ, ಒಂದು ಬಟ್ಟಲು. ಬಟ್ಟಲಿಗೆ ಹೊಂಬಣ್ಣದ್ದು ಒಂದು, ಕಪ್ಪು ಒಂದು ಹಾಕಿ. ಕಣ್ಣು ಮುಚ್ಚಿ ಒಂದನ್ನು ತೆಗೆಯಿರಿ. ಯಾವ ಬಣ್ಣ ಬಂತೋ ಅದನ್ನು ಮರಳಿ ಹಾಕಿ, ಜೊತೆಗೆ ಅದೇ ಬಣ್ಣದ ಇನ್ನೊಂದನ್ನು ಸೇರಿಸಿ. ಹೀಗೆ ಬಟ್ಟಲಲ್ಲಿ ನೂರು ಕಾಳು ಆಗುವವರೆಗೆ.

ನಮ್ಮ ಮನೆಯಲ್ಲಿ ಈ ಪ್ರಯೋಗಕ್ಕೆ ದೊಡ್ಡ ಅಡ್ಡಿಯಾದದ್ದು ಮೊಮ್ಮಗಳು. ತೆಗೆದ ಕಾಳು ಬಟ್ಟಲಿಗೆ ಮರಳುವ ಮೊದಲೇ ಅವಳ ಬಾಯಿ ಸೇರುತ್ತಿತ್ತು. ಅವಳು ಮಲಗಿದ ಮೇಲೆ ಮೂರು ಸಲ ಮಾಡಿದೆ. ಒಂದು ಸಲ ಕಪ್ಪು ಮೂಲೆಗುಂಪಾಯಿತು, ಇನ್ನೊಂದು ಸಲ ಹೊಂಬಣ್ಣ ಮೂಲೆಗುಂಪಾಯಿತು, ಮೂರನೆಯ ಸಲ ಎರಡೂ ಹೆಚ್ಚುಕಡಿಮೆ ಸಮವಾಗಿ ನಿಂತವು. ಕಾಳುಗಳಲ್ಲಿ ವ್ಯತ್ಯಾಸವಿಲ್ಲ, ನಿಯಮ ಬದಲಾಗಿಲ್ಲ, ಕೈ ಅದೇ. ಫಲ ಮಾತ್ರ ಮೂರು ಬಗೆ.

ಗಣಿತಜ್ಞ ಜಾರ್ಜ್ ಪೋಯಾ ಮತ್ತು ಎಗ್ಗೆನ್‌ಬರ್ಗರ್ 1923ರಲ್ಲೇ ಇಂಥ ಬಟ್ಟಲಿನ ಲೆಕ್ಕ ಮಾಡಿದ್ದರು. ಅದರಿಂದ ಹೊರಟದ್ದು ನಂಬಲು ಕಷ್ಟವಾದ ಸಂಗತಿ. ಕೊನೆಗೆ ಐವತ್ತಕ್ಕೆ ಐವತ್ತು ಬರುವ ಸಂಭವ ಎಷ್ಟೋ, ತೊಂಬತ್ತಕ್ಕೆ ಹತ್ತು ಬರುವ ಸಂಭವವೂ ಅಷ್ಟೇ. ತೊಂಬತ್ತೊಂಬತ್ತಕ್ಕೆ ಒಂದು ಬರುವ ಸಂಭವವೂ ಅಷ್ಟೇ! ನಾಣ್ಯ ಚಿಮ್ಮಿದರೆ ಹೀಗಾಗುವುದಿಲ್ಲ. ನಾಣ್ಯಕ್ಕೆ ಹಿಂದಿನದರ ನೆನಪಿಲ್ಲ, ಬಟ್ಟಲಿಗೆ ಇದೆ. ಮೊದಲ ಹತ್ತು ಹದಿನೈದು ಸಲದಲ್ಲಿ ಯಾವ ಬಣ್ಣಕ್ಕೆ ಅದೃಷ್ಟ ಒಲಿಯಿತೋ, ಬಟ್ಟಲು ಅದನ್ನು ಮರೆಯುವುದೇ ಇಲ್ಲ. ಐವತ್ತನೆಯ ಸಲದ ಹೊತ್ತಿಗೆ ಒಂದು ಕಾಳಿಗೆ ಲೆಕ್ಕ ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ.

ಇನ್ನೊಂದು ಚಿಕ್ಕ ಬದಲಾವಣೆ ಮಾಡಿ. ಆಗೀಗ ಹೊಸ ಬಣ್ಣದ ಒಂದು ಕಾಳನ್ನು, ಒಂದು ಕಡಲೆಯನ್ನೋ ಒಂದು ಶೇಂಗಾ ಬೀಜವನ್ನೋ, ಬಟ್ಟಲಿಗೆ ಬಿಡುತ್ತ ಹೋಗಿ. ನಿಯಮ ಅದೇ. ಬಹಳ ಹೊತ್ತಿನ ಮೇಲೆ ನೋಡಿದರೆ ಒಂದೆರಡು ಬಣ್ಣ ಗುಡ್ಡೆಯಾಗಿ, ಮಿಕ್ಕ ಹತ್ತಾರು ಬಣ್ಣ ಒಂದೊಂದು ಎರಡೆರಡು ಕಾಳಿನಲ್ಲಿ ನಿಂತಿರುತ್ತವೆ. ಅದೇ ತುದಿಭಾರದ ಹಂಚಿಕೆ. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್, ಊರುಗಳ ಜನಸಂಖ್ಯೆಯಿಂದ ಹಿಡಿದು ಪುಸ್ತಕದಲ್ಲಿ ಪದಗಳು ಮರುಕಳಿಸುವ ರೀತಿಯವರೆಗೆ ಹಲವು ಕಡೆ ಇದೇ ನಿಯಮ ಕೆಲಸ ಮಾಡುತ್ತದೆಂದು 1955ರಲ್ಲಿ ತೋರಿಸಿದರು. 1999ರಲ್ಲಿ ಬಾರಬಾಶಿ ಮತ್ತು ಆಲ್ಬರ್ಟ್ ಎಂಬಿಬ್ಬರು ಭೌತವಿಜ್ಞಾನಿಗಳು ಅಂತರ್ಜಾಲದ ಪುಟಗಳಿಗೂ ಇದನ್ನು ಅನ್ವಯಿಸಿದರು. ಇನ್‌ಸ್ಟಾಗ್ರಾಂ ಹುಟ್ಟಿದ್ದು 2010ರಲ್ಲಿ. ಅದರ ಜಾತಕವನ್ನು ಅದು ಹುಟ್ಟುವ ಮೊದಲೇ ಬರೆದಿಟ್ಟಂತಾಯಿತು.

ಈಗ ನಮ್ಮ ಇಬ್ಬರು ಆಟಗಾರರ ಬಟ್ಟಲು ನೋಡಿ. ಇನ್‌ಸ್ಟಾಗ್ರಾಂ ಬಂದಾಗ ರೊನಾಲ್ಡೊ ಮ್ಯಾಂಚೆಸ್ಟರ್ ಮುಗಿಸಿ ರಿಯಲ್ ಮ್ಯಾಡ್ರಿಡ್ ಸೇರಿ ಒಂದು ವರ್ಷವಾಗಿತ್ತು. ಜಗತ್ತಿನ ಟಿ.ವಿ.ಗಳು ಏಳು ವರ್ಷ ಅವರ ಬಟ್ಟಲಿಗೆ ಕಾಳು ಹಾಕಿದ್ದವು. ಛೇತ್ರಿ 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಆಡಿ ಅಂದೇ ಗೋಲು ಹೊಡೆದಿದ್ದರು. ಅದನ್ನು ನೋಡಿದವರೆಷ್ಟು ಮಂದಿ! ದೇಶದ ಮನೆಮನೆಯ ಟಿ.ವಿ.ಗೆ ಫುಟ್‌ಬಾಲ್ ತಂದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದದ್ದು 2014ರಲ್ಲಿ. ಅಷ್ಟರಲ್ಲಿ ತಿಕೋಟಾದ ಹುಡುಗನ ಅಣ್ಣನ ಬೆನ್ನ ಮೇಲೆ 7 ಬಂದಾಗಿತ್ತು.

2024ರ ಆಗಸ್ಟ್‌ನಲ್ಲಿ ರೊನಾಲ್ಡೊ ಯೂಟ್ಯೂಬ್ ಚಾನೆಲ್ ತೆರೆದರು. ತೊಂಬತ್ತು ನಿಮಿಷದಲ್ಲಿ, ಒಂದು ಫುಟ್‌ಬಾಲ್ ಪಂದ್ಯದಷ್ಟು ಹೊತ್ತಿನಲ್ಲಿ, ಹತ್ತು ಲಕ್ಷ ಚಂದಾದಾರರು. ಬಟ್ಟಲು ಹೊಸದು, ಕಾಳು ಹಳೆಯವೇ.

ಎಂಟು ಲೋಕ, ನಲವತ್ತೆಂಟು ಹಾಡು

ಇಲ್ಲೊಬ್ಬ ಓದುಗರು ಎದ್ದು ನಿಲ್ಲಬಹುದು. "ಒಣದ್ರಾಕ್ಷಿಗೆ ಬುದ್ಧಿ ಇಲ್ಲ, ಮನುಷ್ಯರಿಗೆ ಇದೆ. ಒಳ್ಳೆಯದನ್ನು ನಾವು ಗುರುತಿಸುತ್ತೇವೆ." ಸರಿಯಾದ ತಕರಾರು. ಅದನ್ನು ಒರೆಗೆ ಹಚ್ಚಲು ಒಂದೇ ಲೋಕವನ್ನು ಹಲವು ಸಲ ಮೊದಲಿನಿಂದ ನಡೆಸಿ ನೋಡಬೇಕು. ರೊನಾಲ್ಡೊ ವಿಷಯದಲ್ಲಿ ಅದು ಆಗದ ಮಾತು. ಹಾಡುಗಳ ವಿಷಯದಲ್ಲಿ ಮಾಡಿದ್ದಾರೆ.

ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಅಮೆರಿಕದಲ್ಲಿ ಮಾಡಿದ ಈ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಯಾರೂ ಕೇಳದ ತಂಡಗಳ 48 ಹಾಡುಗಳನ್ನು ಒಂದು ಜಾಲತಾಣದಲ್ಲಿಟ್ಟರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದು ಕೇಳಿದರು, ಹಿಡಿಸಿದ್ದನ್ನು ಇಳಿಸಿಕೊಂಡರು. ಒಂದು ಗುಂಪಿಗೆ ಬರೀ ಹಾಡಿನ, ತಂಡದ ಹೆಸರು ಕಾಣುತ್ತಿತ್ತು. ಉಳಿದವರನ್ನು ಅವರಿಗೆ ಗೊತ್ತಿಲ್ಲದಂತೆ ಎಂಟು ಲೋಕಗಳಾಗಿ ಒಡೆದಿದ್ದರು. ಪ್ರತಿ ಲೋಕದವರಿಗೂ ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡರು ಎಂಬ ಸಂಖ್ಯೆ ಕಾಣುತ್ತಿತ್ತು.

ಆ ಸಂಖ್ಯೆ ಒಂದೇ ಎಲ್ಲವನ್ನೂ ಬದಲಿಸಿತು. ಸಂಖ್ಯೆ ಕಂಡ ಲೋಕಗಳಲ್ಲಿ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು, ಸೋತದ್ದು ಇನ್ನೂ ಕೆಳಗಿಳಿಯಿತು. ಗೆದ್ದ ಹಾಡು ಎಂಟೂ ಲೋಕದಲ್ಲಿ ಒಂದೇ ಆಗಿರಲಿಲ್ಲ. ಒಂದು ಹಾಡು, ಯಾರ ಸಂಖ್ಯೆಯನ್ನೂ ಕಾಣದೆ ಕೇಳಿದವರ ಲೆಕ್ಕದಲ್ಲಿ ನಡುಮಧ್ಯೆ 26ನೆಯದು, ಒಂದು ಲೋಕದಲ್ಲಿ ಮೊದಲನೆಯದಾಗಿ ಇನ್ನೊಂದರಲ್ಲಿ 40ನೆಯದಾಯಿತು. ಆ ಎರಡು ಲೋಕದ ಪತ್ರಕರ್ತರು ಬರೆಯುವಂತಿದ್ದರೆ ಒಬ್ಬ ಆ ತಂಡದ ಪ್ರತಿಭೆಯ ರಹಸ್ಯ ಬರೆಯುತ್ತಿದ್ದ, ಮತ್ತೊಬ್ಬ ಅದರ ಕೊರತೆಗಳ ಪಟ್ಟಿ ಕೊಡುತ್ತಿದ್ದ. ಇಬ್ಬರೂ ಅಷ್ಟೇ ಧೈರ್ಯದಿಂದ!

ಆದರೆ ಎಲ್ಲವೂ ಲಾಟರಿಯಾಗಿರಲಿಲ್ಲ. ನಿಜಕ್ಕೂ ಚೆನ್ನಾಗಿದ್ದ ಹಾಡು ತೀರ ತಳಕ್ಕೆ ಬಿದ್ದದ್ದು ಅಪರೂಪ, ತೀರ ಕಳಪೆ ಹಾಡು ಶಿಖರ ಏರಿದ್ದೂ ಅಪರೂಪ. ಗುಣ ನಿಮ್ಮನ್ನು ಆಟದ ಅಂಗಳಕ್ಕೆ ಕರೆತರುತ್ತದೆ, ಅಂಗಳದೊಳಗಿನ ನೂರು ಪಟ್ಟಿನ ಅಂತರವನ್ನು ಮಾಡುವುದು ಮಂದಿ. ರೊನಾಲ್ಡೊ, ಮೆಸ್ಸಿ, ಛೇತ್ರಿ ಮೂವರೂ ಅಂಗಳದೊಳಗಿನವರು.

ಗುಣ ಅನ್ನುವುದೇ ಇಲ್ಲದಾಗ ಈ ಸುತ್ತು ಎಷ್ಟು ದೂರ ಓಡಬಹುದು? 2019ರ ಜನವರಿಯಲ್ಲಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ಒಂದು ಕೋಳಿಮೊಟ್ಟೆಯ ಚಿತ್ರ ಹಾಕಿ, ಇದನ್ನು ಅತಿ ಹೆಚ್ಚು ಮೆಚ್ಚುಗೆಯ ಚಿತ್ರವಾಗಿಸೋಣ ಬನ್ನಿ ಎಂದರು. ಎರಡು ವಾರ ತುಂಬುವ ಮೊದಲೇ ಅದು 1.8 ಕೋಟಿಯ ಹಳೆಯ ದಾಖಲೆಯನ್ನು ಮುರಿಯಿತು. 2022ರ ಡಿಸೆಂಬರ್‌ನಲ್ಲಿ ವಿಶ್ವಕಪ್ ಹಿಡಿದ ಮೆಸ್ಸಿಯ ಚಿತ್ರ ಬರುವವರೆಗೂ ಆ ಪಟ್ಟದಲ್ಲಿದ್ದದ್ದು ಮೊಟ್ಟೆಯೇ.

ನೀರಗಂಟಿ

ಫೋನಿನೊಳಗೆ ಮತ್ತೊಬ್ಬ ಪಾತ್ರಧಾರಿ ಇದ್ದಾನೆ. ನಮಗೆ ಯಾವ ವಿಡಿಯೊ ತೋರಿಸಬೇಕೆಂದು ತೀರ್ಮಾನಿಸುವ ತಂತ್ರಾಂಶ, ಎಲ್ಲರೂ 'ಅಲ್ಗಾರಿದಂ' ಅನ್ನುವುದು. ಬಬಲೇಶ್ವರದ ಕಡೆಯವರಿಗೆ ಅವನನ್ನು ನೀರಗಂಟಿ ಎಂದು ಪರಿಚಯಿಸಿದರೆ ಸಾಕು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿ ಬಂದ ಮೇಲೆ ಯಾವ ಕಾಲುವೆಗೆ ಎಷ್ಟು ಬಿಡಬೇಕು ಅನ್ನುವುದು ಎಷ್ಟು ದೊಡ್ಡ ವಿಚಾರ ಎಂದು ಅಲ್ಲಿನ ಹೊಲದವರಿಗೆ ಹೇಳಿಕೊಡಬೇಕಿಲ್ಲ. ನೀರು ಇರುವುದು ಇಷ್ಟೇ, ಹೊಲ ಬಹಳ. ಫೋನಿನ ನೀರು ಅಂದರೆ ನಮ್ಮ ಗಮನ. ಅದೂ ಇಷ್ಟೇ.

ಒಳ್ಳೆಯ ನೀರಗಂಟಿ ಒಣಗಿದ ಹೊಲಕ್ಕೆ ಮೊದಲು ಬಿಡುತ್ತಾನೆ. ಫೋನಿನವನು ತದ್ವಿರುದ್ಧ. ಯಾವ ಹೊಲ ಈಗಾಗಲೇ ಹಸಿರಾಗಿದೆಯೋ ಅಲ್ಲಿಗೇ ಇನ್ನಷ್ಟು ನೀರು, ಏಕೆಂದರೆ ಹಸಿರು ಕಂಡರೆ ಮಂದಿ ನಿಲ್ಲುತ್ತಾರೆ, ನಿಂತರೆ ಕಂಪನಿಗೆ ಜಾಹೀರಾತಿನ ದುಡ್ಡು. ಅವನಿಗೆ ಪೋರ್ಚುಗಲ್ ಮೇಲೆ ಪ್ರೀತಿಯಿಲ್ಲ, ಭಾರತದ ಮೇಲೆ ದ್ವೇಷವಿಲ್ಲ. ತಾಸಗಾಂವಕ್ಕೆ ರೈತರು ತಾವಾಗಿ ಹೋಗುತ್ತಿದ್ದರು. ಇಲ್ಲಿ ಗಾಡಿ ಮನೆ ಬಾಗಿಲಿಗೇ ಬಂದು ಹತ್ತಿಸಿಕೊಂಡು ಹೋಗುತ್ತದೆ. ಮಂದಿಗೆ ಮಂದಿಯ ಸುತ್ತು ಮೊದಲೂ ಇತ್ತು, ಇವನು ಅದರ ವೇಗ ಹೆಚ್ಚಿಸಿದ.

ಗುಮ್ಮಟದ ಮಾರ್ದನಿ

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ ಗೋಲಗುಮ್ಮಟದಲ್ಲಿ, ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಏಳು ಸಲ ಮಾರ್ದನಿ ಕೇಳುತ್ತದೆ ಎಂದು ಗೈಡುಗಳು ಹೇಳುತ್ತಾರೆ. ರಜೆಯ ದಿನ ಹೋದರೆ ಎಲ್ಲರೂ ಏಕಕಾಲಕ್ಕೆ ಕೂಗುವುದರಿಂದ ಒಂದೂ ಕೇಳುವುದಿಲ್ಲ, ಅದು ಬೇರೆ ಮಾತು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಒಂದು ಸಂಗತಿ ಗಮನಿಸಬಹುದು. ಎರಡನೆಯ ಮಾರ್ದನಿ ಮೊದಲನೆಯದಕ್ಕಿಂತ ಮೆಲ್ಲಗೆ, ಮೂರನೆಯದು ಇನ್ನೂ ಮೆಲ್ಲಗೆ. ಗೋಡೆ ಪ್ರತಿ ಸಲ ಸದ್ದಿನ ಒಂದಷ್ಟು ಪಾಲನ್ನು ನುಂಗಿಕೊಳ್ಳುತ್ತದೆ. ಕೊನೆಗೆ ಮೌನ.

ಅಂತರ್ಜಾಲದ ಗುಮ್ಮಟದಲ್ಲೂ ಬಹುತೇಕ ಮಾತುಗಳ ಗತಿ ಇದೇ. ನೀವು ಹಾಕಿದ ಫೋಟೊವನ್ನು ಮೂವತ್ತು ಮಂದಿ ನೋಡಿ, ಇಬ್ಬರು ಹಂಚಿಕೊಂಡು, ಅಲ್ಲಿಗೆ ಅಡಗುತ್ತದೆ. ನೋಡಿದ ಪ್ರತಿಯೊಬ್ಬರಿಂದ ಸರಾಸರಿ ಒಬ್ಬರಿಗಿಂತ ಹೆಚ್ಚು ಹೊಸಬರಿಗೆ ತಲುಪಿದರೆ ಮಾತ್ರ ಮಾರ್ದನಿ ತಿರುಗಿ ತಿರುಗಿ ಜೋರಾಗುತ್ತದೆ. ಒಂದಕ್ಕಿಂತ ಕೂದಲೆಳೆ ಕಡಿಮೆ ಇದ್ದರೆ ಮೌನ, ಕೂದಲೆಳೆ ಹೆಚ್ಚಿದ್ದರೆ ಗದ್ದಲ. ಸಾಂಕ್ರಾಮಿಕ ರೋಗದ ಲೆಕ್ಕವೂ ಇದೇ, ಕೊರೊನಾ ಕಾಲದಲ್ಲಿ ಕೇಳಿ ಕೇಳಿ ಬೇಸತ್ತಿದ್ದೇವೆ.

ಈ ಹೊಸ್ತಿಲನ್ನು ಛೇತ್ರಿ ದಾಟಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿತು. ಛೇತ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದವರು 2,569 ಮಂದಿ. ಮರುದಿನ ಛೇತ್ರಿ ಟ್ವಿಟರಿನಲ್ಲಿ ಒಂದು ವಿಡಿಯೊ ಹಾಕಿದರು. ಮೈದಾನಕ್ಕೆ ಬನ್ನಿ, ಬೈಯುವುದಿದ್ದರೂ ಬಂದು ನಮ್ಮ ಮುಖಕ್ಕೇ ಬೈಯಿರಿ ಎಂಬ ಧಾಟಿಯ ಕೋರಿಕೆ ಅದು. ಅದನ್ನು ಹಂಚಿಕೊಂಡು ದನಿಗೂಡಿಸಿದವರಲ್ಲಿ ವಿರಾಟ್ ಕೊಹ್ಲಿ ಒಬ್ಬರು. ದೇಶದಲ್ಲಿ ಅಷ್ಟು ದೊಡ್ಡ ಬಟ್ಟಲು ಇದ್ದವರು ಕೆಲವರೇ. ಜೂನ್ 4ರಂದು ಕೆನ್ಯಾ ವಿರುದ್ಧ ಛೇತ್ರಿಯ ನೂರನೆಯ ಪಂದ್ಯ. ಟಿಕೆಟ್ಟೆಲ್ಲ ಖಾಲಿ. ಸುರಿಯುವ ಮಳೆಯಲ್ಲಿ ತುಂಬಿದ ಗ್ಯಾಲರಿಗಳ ನಡುವೆ ಭಾರತ 3–0ಯಿಂದ ಗೆದ್ದಿತು, ಅದರಲ್ಲಿ ಎರಡು ಛೇತ್ರಿಯವು.

ಮೂರು ದಿನದಲ್ಲಿ ಛೇತ್ರಿಯ ಆಟ ಬದಲಾಗಿರಲಿಲ್ಲ. ಜೂನ್ 1ರಂದು ಅವರು ಹೊಡೆದದ್ದು ಮೂರು ಗೋಲು, 4ರಂದು ಎರಡು. ಆಟ ನಿಜಕ್ಕೂ ಒಂದು ಗೋಲು ಕಡಿಮೆ! ಬದಲಾದದ್ದು ಯಾರ ದನಿ ಯಾವ ಗೋಡೆಗೆ ಬಡಿಯಿತು ಅನ್ನುವುದು.

ಡರ್ಬಿಯ ಐದು ದಿನ

ಫುಟ್‌ಬಾಲ್ ಬಿಟ್ಟು ಒಂದು ಗಳಿಗೆ ಊರಿಗೆ ಬರೋಣ. ವಿಜಯಪುರದ ರಾಜೇಶ್ವರಿ ಗಾಯಕವಾಡ ಭಾರತ ಮಹಿಳಾ ಕ್ರಿಕೆಟ್ ತಂಡಕ್ಕೆ ಆಡಿದ ಎಡಗೈ ಸ್ಪಿನ್ನರ್. 2017ರ ಮಹಿಳಾ ವಿಶ್ವಕಪ್‌ನಲ್ಲಿ, ಜುಲೈ 15ರಂದು ಇಂಗ್ಲೆಂಡಿನ ಡರ್ಬಿ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ಎದುರಾಳಿ 79ಕ್ಕೆ ಮುಗಿದುಹೋಯಿತು. ಸೋತಿದ್ದರೆ ಭಾರತಕ್ಕೆ ಸೆಮಿಫೈನಲ್ಲೇ ಇರಲಿಲ್ಲ. ಐದು ದಿನದ ನಂತರ, ಅದೇ ಡರ್ಬಿಯಲ್ಲಿ, ಸೆಮಿಫೈನಲ್‌ನಲ್ಲಿ ಹರ್ಮನ್‌ಪ್ರೀತ್ ಕೌರ್ ಆಸ್ಟ್ರೇಲಿಯಾ ವಿರುದ್ಧ ಔಟಾಗದೆ 171 ಬಾರಿಸಿದರು.

ಎರಡೂ ದೊಡ್ಡ ಆಟ. ಒಂದಿಲ್ಲದಿದ್ದರೆ ಇನ್ನೊಂದಕ್ಕೆ ವೇದಿಕೆಯೇ ಇಲ್ಲ. ಆದರೆ ದೇಶ ನೆನಪಿಟ್ಟದ್ದು 171ನ್ನು. ಸೆಮಿಫೈನಲ್ ಹೊತ್ತಿಗೆ ನೋಡುವ ಕಣ್ಣುಗಳು ಹೆಚ್ಚಾಗಿದ್ದವು, ಸಿಕ್ಸರಿನ ತುಣುಕು ವಿಡಿಯೊ ಹಂಚಲು ಸುಲಭ, ನಿಧಾನವಾಗಿ ಬಲೆ ಹೆಣೆಯುವ ಸ್ಪಿನ್ನನ್ನು ಹದಿನೈದು ಸೆಕೆಂಡಿನಲ್ಲಿ ತೋರಿಸುವುದು ಕಷ್ಟ. ಹರ್ಮನ್‌ಪ್ರೀತ್ ಅವರಿಗೆ ಸಂದದ್ದು ನ್ಯಾಯವಾಗಿಯೇ ಸಂದಿತು, ಆ ಬಗ್ಗೆ ತಕರಾರಿಲ್ಲ. ನಾನು ಹೇಳುತ್ತಿರುವುದು ಐದು ದಿನದ ಅಂತರ ಬಟ್ಟಲಿಗೆ ಏನು ಮಾಡುತ್ತದೆ ಅನ್ನುವುದನ್ನು.

ತಂಡ ಊರಿಗೆ ಮರಳಿದ ಮೇಲೆ ಆಗ ಜಲಸಂಪನ್ಮೂಲ ಸಚಿವರಾಗಿದ್ದ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ರಾಜೇಶ್ವರಿಯವರಿಗೆ ಕಾರು ಕೊಡಲು ಮುಂದಾದರು. ಕಾರು ಬೇಡ, ಕುಟುಂಬಕ್ಕೊಂದು ಮನೆ ಬೇಕು ಅಂದರು ಅವರು. ಆ ಮಾತು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಮ್ಮೂರಿನಲ್ಲೇ ಎಷ್ಟೋ ಮಂದಿಗೆ ಆ ಮನೆಯ ಮಾತು ನೆನಪಿದೆ, 5 ವಿಕೆಟ್ ನೆನಪಿಲ್ಲ. ನನಗಿದು ಬೇಸರದ ಸಂಗತಿ, ಅಚ್ಚರಿಯದಲ್ಲ. ದಶಕಗಳಿಂದ ರಾಷ್ಟ್ರಮಟ್ಟದ ಪದಕ ತರುತ್ತಿರುವ ವಿಜಯಪುರದ ಸೈಕಲ್ ಪಟುಗಳ ಒಂದು ಹೆಸರು ಹೇಳಿ ಎಂದರೆ ಊರವರೇ ತಲೆ ಕೆರೆದುಕೊಳ್ಳುತ್ತಾರೆ. ಅವರ ಬಟ್ಟಲಿಗೆ ಮೊದಲ ಕಾಳೇ ಬಿದ್ದಿಲ್ಲ.

ಅಳೆಯುವ ಕೋಲು

ಕೊನೆಗೆ, ನೀವೇ ಹೋಲಿಸಿ ನೋಡುವುದಾದರೆ ಒಂದು ಎಚ್ಚರಿಕೆ. ಯಾರನ್ನು ಎಷ್ಟು ಮಂದಿ ಹುಡುಕುತ್ತಿದ್ದಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್ ಎಂಬ ಸೌಲಭ್ಯ ಉಚಿತವಾಗಿ ಸಿಗುತ್ತದೆ. ಅದು ಕೊಡುವ ಅಂಕಿ ಹುಡುಕಿದವರ ತಲೆಲೆಕ್ಕವಲ್ಲ. ನೀವು ಆರಿಸಿದ ಹೆಸರುಗಳು, ಆರಿಸಿದ ಕಾಲ, ಅದರೊಳಗೆ ಅತಿ ಎತ್ತರದ ಬಿಂದು ಯಾವುದೋ ಅದಕ್ಕೆ 100 ಅಂಕ. ಉಳಿದದ್ದೆಲ್ಲ ಅದರ ಪಾಲು. ಛೇತ್ರಿ ಒಬ್ಬರನ್ನೇ ಹಾಕಿದರೆ ಬೆಟ್ಟಗಳು ಏಳುತ್ತವೆ. ಪಕ್ಕದಲ್ಲಿ ರೊನಾಲ್ಡೊ ಹೆಸರು ಸೇರಿಸಿದ ಕ್ಷಣ ಅದೇ ಬೆಟ್ಟಗಳು ನೆಲಕ್ಕೆ ಅಂಟಿದ ಗೆರೆಯಾಗುತ್ತವೆ. ಹುಡುಕಿದವರಲ್ಲಿ ಒಬ್ಬರೂ ಕಡಿಮೆಯಾಗಿಲ್ಲ, ಕೋಲು ಉದ್ದವಾಯಿತು ಅಷ್ಟೇ. ಹಿಂಬಾಲಕರ ಸಂಖ್ಯೆಯಾದರೋ ಕೆರೆಯಲ್ಲಿ ನಿಂತ ನೀರು, ವರ್ಷಗಟ್ಟಲೆ ಕೂಡಿದ್ದು. ಹುಡುಕಾಟ ಇವತ್ತು ಹರಿಯುವ ಹಳ್ಳ. ಒಂದನ್ನು ತೋರಿಸಿ ಇನ್ನೊಂದರ ತೀರ್ಪು ಕೊಡುವವರು ಬಹಳ. ನಂಬಬೇಡಿ.

ಛೇತ್ರಿ ವಿದಾಯ ಹೇಳಿದವರು ಮತ್ತೆ ಬಂದರು. 2025ರ ಮಾರ್ಚ್ 19ರಂದು, ನಲವತ್ತರ ವಯಸ್ಸಿನಲ್ಲಿ, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಲೆಯಿಂದ ಚೆಂಡು ನೂಕಿ 95ನೆಯ ಗೋಲು ಹೊಡೆದರು. ಈ ಅಧ್ಯಾಯ ಬರೆದು ಮುಗಿಸುವ ಮುಂಚೆ ಇನ್ನೊಮ್ಮೆ ತಿಕೋಟಾಕ್ಕೆ ಹೋಗಿದ್ದೆ. 7ರ ಹುಡುಗನ ಫೋನಿನಲ್ಲೇ ಹುಡುಕಿಸಿ ಆ ಗೋಲು ತೋರಿಸಿದೆ. "ಮಸ್ತ್ ಹೊಡದಾನ್ರಿ" ಅಂದ, ಇನ್ನೊಮ್ಮೆ ನೋಡಿದ. ಮುಗಿದ ಕೂಡಲೇ ನೀರಗಂಟಿ ಅವನ ಪರದೆಗೆ ಇನ್ನೆರಡು ಛೇತ್ರಿ ವಿಡಿಯೊ ಬಿಟ್ಟ.